ಭತ್ತ ತೂರುವ ನಾಲ್ಕು ಸೆಕೆಂಡು: ಪ್ರಶಸ್ತಿಗೆ ಒಂದು ಸಿಮ್ಯುಲೇಷನ್ ಸಿದ್ಧಪಡಿಸಿದ ಅನುಭವ

ವಿಷುವಲ್ ಎಫೆಕ್ಟ್ಸ್ ಪ್ರಶಸ್ತಿ ಎಂದಾಕ್ಷಣ ನಮ್ಮವರ ಕಣ್ಣ ಮುಂದೆ ಬರುವುದು ಸಿನಿಮಾ, ಅದರಲ್ಲೂ ಕುಸಿಯುವ ನಗರ, ಉಕ್ಕುವ ಸಮುದ್ರ. ಟಿವಿ ಮತ್ತು ಜಾಹೀರಾತಿನ ಸಿಮ್ಯುಲೇಷನ್‌ಗೇ ಮೀಸಲಾದ ಪ್ರಶಸ್ತಿಯೊಂದಿದೆ ಎಂದರೆ ಈ ಕೆಲಸ ಕಲಿಯುತ್ತಿರುವ ಹುಡುಗರೂ ಅಚ್ಚರಿಪಡುತ್ತಾರೆ. ನೀರು, ಹೊಗೆ, ಧೂಳು, ಕಾಳುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹುಟ್ಟಿಸುವುದೇ ಸಿಮ್ಯುಲೇಷನ್. ಅಮೆರಿಕದಲ್ಲಿ 1997ರಲ್ಲಿ ಸ್ಥಾಪನೆಯಾದ ವಿಷುವಲ್ ಎಫೆಕ್ಟ್ಸ್ ಸೊಸೈಟಿ 2003ರಿಂದ ಪ್ರಶಸ್ತಿ ಕೊಡುತ್ತಾ ಬಂದಿದೆ. ಅದರಲ್ಲಿ ಸಿನಿಮಾದ ಸಿಮ್ಯುಲೇಷನ್ ಒಂದು ಕಡೆಯಾದರೆ, ಟಿವಿ ಕಂತು, ಜಾಹೀರಾತು ಮುಂತಾದವುಗಳ ಸಿಮ್ಯುಲೇಷನ್‌ಗೆ ಬೇರೆಯದೇ ವಿಭಾಗ. ಅಮೆರಿಕದ ಟಿವಿ ಕಾರ್ಯಕ್ರಮಗಳಿಗೆ ಕೊಡುವ ಎಮ್ಮಿ ಪ್ರಶಸ್ತಿಯಲ್ಲಿ ಹೀಗೆ ಬಿಡಿಸಿ ನೋಡುವುದಿಲ್ಲ. ಅಲ್ಲಿ ವಿಷುವಲ್ ಎಫೆಕ್ಟ್ಸ್ ಇಡಿಯಾಗಿ ಪರಿಗಣನೆಗೆ ಬರುತ್ತದೆ.

2020ರಲ್ಲಿ ಸೊಸೈಟಿಯ ಈ ಟಿವಿ-ಜಾಹೀರಾತು ಸಿಮ್ಯುಲೇಷನ್ ವಿಭಾಗದ ಪ್ರಶಸ್ತಿ ಪಡೆದದ್ದು ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಮೂರನೆಯ ಸೀಸನ್ನಿನ ದೃಶ್ಯ. ಆಸ್ಪತ್ರೆಯ ನೆಲದ ಮೇಲೆ ಇಬ್ಬರ ದೇಹಗಳು ಕರಗಿ ಒಂದರೊಳಗೊಂದು ಬೆರೆಯುತ್ತವೆ. ಅದರಲ್ಲಿ ನಗರವೂ ಇಲ್ಲ, ಸಮುದ್ರವೂ ಇಲ್ಲ. ಕರಗುವ ಮಾಂಸ ಎಷ್ಟು ಗಟ್ಟಿ, ಎಷ್ಟು ಅಂಟು, ಯಾವ ಕ್ಷಣದಲ್ಲಿ ಜಾರಬೇಕು ಎಂಬುದೇ ಅಲ್ಲಿಯ ಕೆಲಸ. ಚಿಕ್ಕ ಜಾಗದಲ್ಲಿ ಒಂದು ವಸ್ತುವಿನ ಗುಣವನ್ನು ಪೂರ್ತಿ ಹಿಡಿದರೆ ಸಾಕು ಎಂಬ ಧೈರ್ಯ ನನಗೆ ಬಂದದ್ದು ಅದರಿಂದ.

ನಾನು ಗಂಗಾವತಿಯಲ್ಲಿದ್ದುಕೊಂಡು ಬೆಂಗಳೂರಿನ ಸ್ಟುಡಿಯೊಗಳಿಗೆ ಕೆಲಸ ಮಾಡುತ್ತೇನೆ. ಒಂದು ಅಕ್ಕಿ ಕಂಪನಿಯ ಜಾಹೀರಾತಿನಲ್ಲಿ ಭತ್ತ ತೂರುವ ದೃಶ್ಯ ನನ್ನ ಪಾಲಿಗೆ ಬಂತು. ನಾಲ್ಕು ಸೆಕೆಂಡು, ಅಂದರೆ ಟಿವಿ ಲೆಕ್ಕದಲ್ಲಿ 100 ಫ್ರೇಮು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಈ ನೆಲದಲ್ಲಿ ಭತ್ತಕ್ಕೇನು ಬರವೇ? ಆದರೆ ಕಟಾವು ಯಂತ್ರ ಬಂದ ಮೇಲೆ ಮೊರ ಹಿಡಿದು ತೂರುವವರು ವಿರಳರಾಗಿದ್ದಾರೆ. ಕಾರಟಗಿ ಕಡೆಯ ಹಳ್ಳಿಯಲ್ಲಿರುವ ನಮ್ಮ ದೊಡ್ಡವ್ವ ಮನೆ ಬಳಕೆಯ ಭತ್ತವನ್ನು ಈಗಲೂ ಕೈಯಿಂದಲೇ ತೂರುತ್ತಾರೆ. ಮೊಬೈಲಿನಲ್ಲಿ ನಿಧಾನಗತಿಯ ವಿಡಿಯೊ ತೆಗೆಯಲು ನಾನು ಗಾಳಿಗೆ ಎದುರಾಗಿ ನಿಂತಾಗ, “ಅಲ್ಲಿ ನಿಂತರೆ ಜೊಳ್ಳೆಲ್ಲ ನಿನ್ನ ಕಣ್ಣಿಗೇ ಬರುತ್ತದೆ ತಮ್ಮ, ಗಾಳಿಗೆ ಅಡ್ಡವಾಗಿ ನಿಲ್ಲು” ಎಂದರು. ಕ್ಯಾಮೆರಾ ಇರಬೇಕಾದ ಜಾಗವೂ ಅದೇ. ಅಡ್ಡ ನಿಂತರೆ ಮಾತ್ರ ಕಾಳು ನೇರ ಬೀಳುವುದು, ಜೊಳ್ಳು ಸ್ವಲ್ಪ ದೂರ ಹೋಗುವುದು, ಧೂಳು ಇನ್ನೂ ದೂರ ತೇಲುವುದು ಮೂರೂ ಒಂದೇ ಚೌಕಟ್ಟಿನಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಹೂಡಿನಿ ತಂತ್ರಾಂಶದಲ್ಲಿ ನಾನು ಕೆಲಸವನ್ನು ಮೂರು ಪದರಗಳಾಗಿ ಕಟ್ಟಿದ್ದೂ ಹಾಗೆಯೇ.

ಮೊದಲನೆಯದು ಕಾಳು. ಸಿಮ್ಯುಲೇಷನ್‌ನಲ್ಲಿ ಕಾಳನ್ನು ದುಂಡನೆಯ ಕಣವೆಂದು ಇಟ್ಟುಕೊಂಡರೆ ಲೆಕ್ಕ ಸುಲಭ, ಆದರೆ ದುಂಡು ಕಣಗಳು ಉರುಳಿ ಹರಡಿಕೊಂಡು ರಾಶಿ ಚಪ್ಪಟೆಯಾಗುತ್ತದೆ. ಭತ್ತದ ಕಾಳು ಉದ್ದ, ಮೈ ಒರಟು. ಒಂದಕ್ಕೊಂದು ಸಿಕ್ಕಿಕೊಂಡು ಕಡಿದಾದ ಓರೆಯಲ್ಲಿ ನಿಲ್ಲುತ್ತದೆ, ಮೇಲಿಂದ ಮತ್ತಷ್ಟು ಬಿದ್ದಾಗ ಒಂದು ಮಗ್ಗುಲು ತಟ್ಟನೆ ಜಾರುತ್ತದೆ. ಅದಕ್ಕಾಗಿ ಮೂರು ಕಣಗಳನ್ನು ಸಾಲಾಗಿ ಬಿಗಿದು ಒಂದು ಕಾಳೆಂದು ಮಾಡಿದೆ, ಘರ್ಷಣೆ ಹೆಚ್ಚಿಸಿದೆ, ಒಂದು ಫ್ರೇಮಿನೊಳಗೆ ಹಲವು ಬಾರಿ ಲೆಕ್ಕ ನಡೆಯುವಂತೆ ಇಟ್ಟೆ. ಎಪಿಎಂಸಿ ಅಂಗಳದ ರಾಶಿಗಳ ಚಿತ್ರದ ಪಕ್ಕದಲ್ಲಿಟ್ಟು ಓರೆಯನ್ನು ಹೋಲಿಸಿ ನೋಡಿದೆ.

ಎರಡನೆಯ ಪದರವಾದ ಜೊಳ್ಳಿನ ಮೇಲೆ ನನಗೆ ಎಲ್ಲಕ್ಕಿಂತ ಪ್ರೀತಿ. ನಿಧಾನಗತಿಯಲ್ಲಿ ನೋಡಿದರೆ ಒಂದೊಂದು ಜೊಳ್ಳಿನದೂ ಒಂದೊಂದು ದಾರಿ. ಅಗಲದ ಮೈಯನ್ನು ಗಾಳಿಗೆ ಒಡ್ಡಿದಾಗ ತೇಲುತ್ತದೆ, ಅಂಚನ್ನು ಒಡ್ಡಿದಾಗ ಜಾರುತ್ತದೆ, ಮತ್ತೆ ಮಗುಚಿ ತೇಲುತ್ತದೆ. ಎಲ್ಲ ಜೊಳ್ಳಿಗೂ ಒಂದೇ ಗಾಳಿತಡೆ ಕೊಟ್ಟರೆ ಅದು ಹಿಂಡಿನಂತೆ ಒಟ್ಟಿಗೆ ಸಾಗುತ್ತದೆ, ಕಣ್ಣು ತಕ್ಷಣ ನಕಲಿ ಎಂದು ಹೇಳಿಬಿಡುತ್ತದೆ. ಹಾಗಾಗಿ ಪ್ರತಿ ಜೊಳ್ಳಿನ ತಡೆಯನ್ನು ಅದು ಆ ಕ್ಷಣದಲ್ಲಿ ಯಾವ ಕಡೆಗೆ ಮುಖ ಮಾಡಿದೆ ಎಂಬುದಕ್ಕೆ ಕಟ್ಟಿದೆ. ಬೀಳುವ ಕಾಳು ತಾನೂ ಗಾಳಿಯನ್ನು ಕೆಳಗೆ ಎಳೆಯುತ್ತದಲ್ಲವೇ, ಅದನ್ನೂ ಸೇರಿಸಿದ ಮೇಲೆ ಕಾಳಿನ ಧಾರೆಯ ಪಕ್ಕದಲ್ಲಿ ಜೊಳ್ಳು ಸುಳಿಯತೊಡಗಿತು.

ಧೂಳಿನದು ಹೆಚ್ಚು ಮಾತು ಬೇಡ. ಅದು ಪುಟ್ಟ ಘನಗಳ ಜಾಲದಲ್ಲಿ ನಡೆಯುವ ಲೆಕ್ಕ. ಘನದ ಅಂಚನ್ನು ಅರ್ಧಕ್ಕೆ ಇಳಿಸಿದರೆ ಘನಗಳ ಸಂಖ್ಯೆ ಎಂಟು ಪಟ್ಟಾಗುತ್ತದೆ. ಡ್ರೀಮ್‌ವರ್ಕ್ಸ್ ಸಂಸ್ಥೆ 2012ರಲ್ಲಿ ಎಲ್ಲರ ಬಳಕೆಗೆ ಮುಕ್ತವಾಗಿ ಬಿಟ್ಟ ಓಪನ್‌ವಿಡಿಬಿ ಎಂಬ ತಂತ್ರಾಂಶ ಖಾಲಿ ಜಾಗವನ್ನು ಶೇಖರಿಸದೆ ಧೂಳಿರುವ ಘನಗಳನ್ನಷ್ಟೇ ಇಟ್ಟುಕೊಳ್ಳುವುದರಿಂದ, ಮನೆಯ ಒಂದು ಕಂಪ್ಯೂಟರಿನಲ್ಲೇ ಈ ಕೆಲಸ ಸಾಧ್ಯವಾಯಿತು. ಹೀಗೆ ಹಂಚಿದವರ ಋಣ ನಮ್ಮಂಥವರ ಮೇಲೆ ದೊಡ್ಡದು.

ಜಾಹೀರಾತು ಪ್ರಸಾರವಾದ ಮೇಲೆ ನಮ್ಮ ದೇಶದ ಒಂದು ಸ್ಪರ್ಧೆಗೆ ಇದನ್ನು ಕಳಿಸೋಣ ಎಂದು ಸ್ಟುಡಿಯೊದವರು ಹೇಳಿದರು. ಇಂಥ ಪ್ರಶಸ್ತಿಗಳಿಗೆ ಮುಗಿದ ದೃಶ್ಯವೊಂದನ್ನೇ ಕಳಿಸಿದರೆ ಸಾಲದು. ಕೆಲಸ ಹೇಗಾಯಿತೆಂದು ಪದರ ಬಿಡಿಸಿ ತೋರಿಸುವ ಬ್ರೇಕ್‌ಡೌನ್ ವಿಡಿಯೊ ಬೇಕು, ಜೊತೆಗೊಂದು ಬರಹ ಬೇಕು. ತೀರ್ಪುಗಾರರು ಇದೇ ಕಸುಬಿನವರು. ಸಾಲುಸಾಲಾಗಿ ನೂರಾರು ತುಣುಕು ನೋಡುವವರು. ಚೆಂದ ಕಾಣುತ್ತದೆ ಎಂಬುದು ಅವರಿಗೆ ಒಂದು ನೋಟಕ್ಕೇ ತಿಳಿಯುತ್ತದೆ. ತಂತ್ರಾಂಶ ತಾನಾಗಿ ಮಾಡಿದ್ದೆಷ್ಟು, ಕಲಾವಿದರು ತಡೆದು, ತಿದ್ದಿ, ಬಾಗಿಸಿ ಮಾಡಿದ್ದೆಷ್ಟು ಎಂಬುದನ್ನು ನಾವೇ ತೋರಿಸಬೇಕು. ನನ್ನ ಪ್ರಕಾರ ಇಡೀ ಪ್ರವೇಶಿಕೆಯ, ಅಂದರೆ ಸ್ಪರ್ಧೆಗೆ ಕಳಿಸುವ ಕೆಲಸದ, ಜೀವ ಇಲ್ಲಿದೆ.

ನಮ್ಮ ದೃಶ್ಯದಲ್ಲಿ ಅಂಥ ಒಂದು ಜಾಗವಿತ್ತು. ಭೌತಶಾಸ್ತ್ರದ ಪ್ರಕಾರ ಬಿಟ್ಟರೆ ಜೊಳ್ಳು ಹೋಗಿ ಬೀಳುವುದು ಕಂಪನಿಯ ಅಕ್ಕಿ ಚೀಲದ ಮೇಲೆಯೇ. ಹೆಸರು ಮುಚ್ಚಬಾರದು ಎಂಬುದು ಗ್ರಾಹಕರ ಒಂದೇ ಪಟ್ಟು. ಚೀಲದ ಮುಂದೆ ಕಾಣದ ಬಾಗು ಗೆರೆಯೊಂದನ್ನು ಎಳೆದು, ಅದರ ಹತ್ತಿರ ಬಂದ ಗಾಳಿ ಮೆಲ್ಲಗೆ ಮೇಲಕ್ಕೇಳುವಂತೆ ಮಾಡಿದ್ದೆ. ಬ್ರೇಕ್‌ಡೌನಿನಲ್ಲಿ ಆ ಗೆರೆಯನ್ನು ಕೆಂಪು ಬಣ್ಣದಲ್ಲಿ ತೋರಿಸಿದೆ; ಗೆರೆ ಇಲ್ಲದ ಆವೃತ್ತಿಯನ್ನೂ ಪಕ್ಕದಲ್ಲಿಟ್ಟೆ. ಆರಂಭದಲ್ಲಿ ದೊಡ್ಡವ್ವನ ವಿಡಿಯೊ, ಆಮೇಲೆ ಬೂದುಬಣ್ಣದ ಕಾಳು, ವೇಗಕ್ಕೆ ತಕ್ಕ ಬಣ್ಣ ಹಚ್ಚಿದ ಜೊಳ್ಳು, ಧೂಳು, ಕೊನೆಗೆ ಮೂರೂ ಸೇರಿದ ಚಿತ್ರ. ಸಂಗೀತ ತೆಗೆದರೂ ಎಲ್ಲವೂ ಅರ್ಥವಾಗುವಂತಿರಬೇಕೆಂದು ಹಟ ಹಿಡಿದೆ. ಇದು ಸಾಧ್ಯವಾದದ್ದು ಕೆಲಸ ನಡೆಯುವಾಗಲೇ ಪ್ರತಿ ಹಂತದ ಆವೃತ್ತಿಯನ್ನು ದಿನಾಂಕ ಹಾಕಿ ಎತ್ತಿಟ್ಟಿದ್ದರಿಂದ. ಪ್ರಸಾರ ಮುಗಿದ ಮೇಲೆ ಸ್ಟುಡಿಯೊಗಳು ಜಾಗ ಉಳಿಸಲು ಮೊದಲು ಅಳಿಸುವುದು ಈ ಸಿಮ್ಯುಲೇಷನ್ ಕಡತಗಳನ್ನೇ.

ಕೆಲಸ ಅಂತಿಮ ಪಟ್ಟಿಯವರೆಗೆ ಹೋಯಿತು, ಪ್ರಶಸ್ತಿ ಇನ್ನೊಂದು ತಂಡಕ್ಕೆ ಸಂದಿತು. ಅವರ ನೀರಿನ ದೃಶ್ಯ ನಿಜಕ್ಕೂ ಮೇಲಾಗಿತ್ತು.

ಹೆಸರಿನ ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ವಿಷುವಲ್ ಎಫೆಕ್ಟ್ಸ್ ಸೊಸೈಟಿಯ ಸಿಮ್ಯುಲೇಷನ್ ಪ್ರಶಸ್ತಿಯಲ್ಲಿ ಒಂದು ಪ್ರವೇಶಿಕೆಗೆ ಹೆಚ್ಚೆಂದರೆ ನಾಲ್ವರ ಹೆಸರು. ಹೀಗೆ ಮಿತಿಯಿದ್ದಾಗ ಕಚೇರಿಯಲ್ಲಿ ಕಣ್ಣೆದುರಿಗಿರುವವರ ಹೆಸರು ಮೊದಲು ಸೇರುತ್ತದೆ. ಕೊಪ್ಪಳದಲ್ಲೋ ರಾಯಚೂರಿನಲ್ಲೋ ಕುಳಿತು ಧೂಳಿನ ಪದರ ಮಾಡಿದವರ ಹೆಸರು ಬಿಟ್ಟುಹೋಗುತ್ತದೆ. ಹಿಂದೊಮ್ಮೆ ಬೇರೊಂದು ಸ್ಟುಡಿಯೊದ ಕೆಲಸದಲ್ಲಿ ನನಗೇ ಹಾಗಾಗಿತ್ತು. ಆದ್ದರಿಂದ ಈಗ ಕೆಲಸ ಒಪ್ಪಿಕೊಳ್ಳುವಾಗಲೇ, ಪ್ರಶಸ್ತಿಗೆ ಕಳಿಸುವುದಾದರೆ ಯಾವ ಪದರ ಮಾಡಿದವರ ಹೆಸರು ಹೋಗಬೇಕು, ಬ್ರೇಕ್‌ಡೌನ್ ವಿಡಿಯೊ ಬಳಸುವ ಹಕ್ಕು ಯಾರಿಗೆ ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳುತ್ತೇನೆ. ನನ್ನ ಜೊತೆ ಧೂಳಿನ ಪದರ ಮಾಡಿದ ಸಿಂಧನೂರಿನ ಹುಡುಗಿಯ ಹೆಸರು ಈ ಬಾರಿಯ ಪ್ರವೇಶಿಕೆಯಲ್ಲಿ ನನ್ನ ಹೆಸರಿನ ಪಕ್ಕದಲ್ಲೇ ಇತ್ತು.