ಹಲ್ಲಿಗೆ ಕ್ಲಿಪ್ಪು, ಡಾಕ್ಟ್ರು ಮಾತ್ರ ದೂರ

ಮೂವತ್ತೊಂದನೇ ವಯಸ್ಸಿಗೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡೆ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ನನ್ನ ಡಾಕ್ಟ್ರು ಇರುವುದು ಶಿವಮೊಗ್ಗದಲ್ಲಿ. ತೀರ್ಥಹಳ್ಳಿಯಿಂದಲೇ ಸುಮಾರು 60 ಕಿ.ಮೀ. ರಾತ್ರಿ ವೈರು ಚುಚ್ಚಿದರೆ ಎದ್ದು ಹೋಗಿಬರುವ ದೂರವಲ್ಲ. ಹಾಗಾಗಿ ಮನೆಯಲ್ಲೇ ಏನು ಮಾಡಬಹುದು, ಯಾವುದಕ್ಕೆ ಕೈ ಹಾಕಬಾರದು ಎನ್ನುವುದನ್ನು ಕಲಿಯಲೇಬೇಕಾಯಿತು.

ಮೊದಲ ನೋವು ಕ್ಲಿಪ್ಪಿನದಲ್ಲ. ಅದಕ್ಕೂ ಒಂದು ವಾರ ಮುಂಚೆ ದವಡೆ ಹಲ್ಲುಗಳ ಸಂದಿಗೆ ಪುಟ್ಟ ರಬ್ಬರ್ ಉಂಗುರ ತುರುಕಿದರು, ದವಡೆ ಹಲ್ಲಿನ ಸುತ್ತ ಬರುವ ಲೋಹದ ಬಳೆ, ಅಂದರೆ ಬ್ಯಾಂಡ್, ಕೂರಿಸಲು ಜಾಗ ಆಗಲಿ ಅಂತ. ಹಲಸಿನ ತೊಳೆಯ ನಾರು ಹಲ್ಲಿನ ಸಂದಿಯಲ್ಲಿ ಸಿಕ್ಕಿ ವಾರವಿಡೀ ಬರದಿದ್ದರೆ ಹೇಗೋ ಹಾಗೆ. ಕಡ್ಡಿ ಹಾಕಿ ಕೆದಕಬೇಕು ಅನ್ನಿಸುತ್ತದೆ. ಕೆದಕಬಾರದು. ಬಿದ್ದುಹೋದರೆ ಆದ ಜಾಗ ಮತ್ತೆ ಮುಚ್ಚಿಕೊಳ್ಳುತ್ತದೆ.

ಕ್ಲಿಪ್ ಬಂದ ಮೇಲೆ ನೋವು ಎರಡು ಬಗೆ. ಒಂದು ಹಲ್ಲಿನ ಬುಡದ್ದು, ಇನ್ನೊಂದು ಕೆನ್ನೆ, ತುಟಿ ಉಜ್ಜಿ ಆದ ಹುಣ್ಣಿನದ್ದು. ಮೊದಲ ತಿಂಗಳು ಎರಡಕ್ಕೂ ಮಾತ್ರೆ ನುಂಗಿದೆ, ಹುಣ್ಣಿಗೆ ಅದರಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ.

ಬುಡದ ನೋವಿಗೆ ಕಾರಣ ಇದು. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು ಕಾಲು ಮಿಲಿಮೀಟರ್ ದಪ್ಪದ ಒಂದು ನಾರಿನ ಪದರ ಇದೆ. ವೈರು ಎಳೆದಾಗ ಅದು ಒಂದು ಬದಿ ಅದುಮಿಕೊಂಡು ಉರಿಯೂತ ಆಗುತ್ತದೆ. ಆ ಬದಿಯ ಮೂಳೆ ಕರಗಿ, ಇನ್ನೊಂದು ಬದಿ ಹೊಸದು ಬೆಳೆದು ಹಲ್ಲು ಸರಿಯುವುದು. ಉರಿಯೂತವೇ ಅಲ್ಲಿ ಕೆಲಸ ಮಾಡುತ್ತಿರುವುದರಿಂದ ಡಾಕ್ಟ್ರು ಅದನ್ನು ತಗ್ಗಿಸುವ ಐಬುಪ್ರೊಫೆನ್ ಪದೇ ಪದೇ ಬೇಡ, ಬೇಕಾದರೆ ಪ್ಯಾರಾಸಿಟಮಾಲ್ ಸಾಕು ಅಂದರು. ನೀವೂ ನಿಮ್ಮ ಡಾಕ್ಟ್ರನ್ನು ಕೇಳಿಯೇ ತೆಗೆದುಕೊಳ್ಳಿ. ವೈರು ಬಿಗಿಸಿದ ನಾಲ್ಕಾರು ಗಂಟೆಗೆ ನೋವು ಶುರುವಾಗಿ, ಮಾರನೇ ದಿನ ಅತಿಯಾಗಿ, ವಾರದೊಳಗೆ ಇಳಿದುಬಿಡುತ್ತಿತ್ತು. ಇದು ಗೊತ್ತಾದ ಮೇಲೆ ಶನಿವಾರ ಶಾಲೆ ಬಿಟ್ಟ ನಂತರದ ಹೊತ್ತನ್ನೇ ಕೇಳಿ ಪಡೆದೆ. ಜೋರು ನೋವು ಭಾನುವಾರಕ್ಕೆ ಹೋಯಿತು.

ಆ ಭಾನುವಾರಗಳಲ್ಲೇ ಒಂದು ಸಂಗತಿ ಗಮನಕ್ಕೆ ಬಂತು. ಜುಲೈ ಮಳೆ, ಚಳಿ. ಅತ್ತೆ ಗಂಟೆಗೊಮ್ಮೆ ಬಿಸಿಬಿಸಿ ಕಷಾಯ ಕೊಡುತ್ತಿದ್ದರು. ಕುಡಿದಾಗಲೆಲ್ಲ ಹಲ್ಲು ಇನ್ನಷ್ಟು ಬಿಗಿದಂತೆ. ಬಾವಿಯಿಂದ ಆಗತಾನೇ ಸೇದಿದ ನೀರು ಬಾಯಲ್ಲಿ ಇಟ್ಟುಕೊಂಡರೆ ಹಗುರ. ಡಾಕ್ಟ್ರು ವಿವರಿಸಿದರು: ಆರಂಭದ ನನ್ನ ವೈರು ನಿಕ್ಕಲ್ ಮತ್ತು ಟೈಟಾನಿಯಂ ಮಿಶ್ರಲೋಹದ್ದು, ದೇಹದ ಬಿಸಿಗೆ ತನ್ನ ಮೂಲ ಆಕಾರಕ್ಕೆ ಮರಳುವ ಬಗೆ. ತಣ್ಣಗಾದರೆ ಕೊಂಚ ಹೊತ್ತು ಮೆತ್ತಗಾಗುತ್ತದೆ, ಬಿಸಿಯಾದರೆ ಎಳೆತ ಹೆಚ್ಚು. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ರೂಪುಗೊಂಡ ಲೋಹವಂತೆ, 1970ರ ದಶಕದಲ್ಲಿ ಹಲ್ಲಿನ ಚಿಕಿತ್ಸೆಗೆ ಬಂತು. ಒಂಬತ್ತನೇ ತರಗತಿಯ ಮಕ್ಕಳಿಗೆ ಇದನ್ನು ನನ್ನ ಬಾಯಿ ತೋರಿಸಿಯೇ ಹೇಳಿದ್ದೇನೆ. ಕಷಾಯವನ್ನು ಆರಿಸಿ ಕುಡಿಯತೊಡಗಿದೆ.

ಊಟಕ್ಕೆ ನಮ್ಮ ಮಲೆನಾಡಿನ ಅಡುಗೆ ಆಸರೆಯಾಯಿತು. ಗಂಜಿಗೆ ತುಪ್ಪ, ಒಂದೆಲಗದ ತಂಬುಳಿ, ಅನ್ನ ಮಜ್ಜಿಗೆ, ಮೂರನೇ ದಿನಕ್ಕೆ ಕಡುಬನ್ನು ಸಾರಿನಲ್ಲಿ ನೆನೆಸಿ. ಹಲಸಿನ ಹಪ್ಪಳ, ಚಕ್ಕುಲಿ, ಕವಳದ ಅಡಿಕೆ ದೂರ. ಅಪ್ಪೆಮಿಡಿಯನ್ನು ಮಾತ್ರ ಮರೆತೆ. ಮದುವೆಯೊಂದರ ಪಂಕ್ತಿಯಲ್ಲಿ ಅಭ್ಯಾಸಬಲದಿಂದ ಮಿಡಿ ಕಚ್ಚಿದೆ, ವೈರು ಹಿಡಿದಿಡಲು ಕೋರೆಹಲ್ಲಿಗೆ ಅಂಟಿಸಿದ್ದ ಪುಟ್ಟ ಬ್ರಾಕೆಟ್ ಕಿತ್ತು ವೈರಿನ ಮೇಲೆ ತಿರುಗತೊಡಗಿತು. ನೋವಿರಲಿಲ್ಲ, ಆದರೆ ಮತ್ತೆ ಅಂಟಿಸುವವರೆಗೆ ಆ ಹಲ್ಲಿನ ಕೆಲಸ ನಿಂತಿತು.

ಇನ್ನು ಹುಣ್ಣು. ದಿನಕ್ಕೆ ಆರು ಪೀರಿಯಡ್ ಮಾತಾಡುವವಳ ಕೆನ್ನೆ ಬ್ರಾಕೆಟ್ಟಿಗೆ ಎಷ್ಟು ಸಲ ಉಜ್ಜುತ್ತದೆ ಯೋಚಿಸಿ. ರಜೆಯಲ್ಲಿ ಹುಣ್ಣೇ ಇರುತ್ತಿರಲಿಲ್ಲ, ಶಾಲೆ ಶುರುವಾದ ವಾರಕ್ಕೆ ಮೂರು ಕಡೆ. ಅತ್ತೆ, "ಲವಂಗದೆಣ್ಣೆ ಹಚ್ಕೊ ಮಾರಾಯ್ತಿ, ಒಂದೇ ದಿನಕ್ಕೆ ಹೋಗ್ತದೆ" ಅಂದರು. ಹಚ್ಚಿದೆ. ಬೆಂಕಿ ಇಟ್ಟಂತಾಯಿತು. ತೆರೆದ ಹುಣ್ಣಿಗೆ ಅದು ಬೇಡವೇ ಬೇಡ. ಉಗುರುಬೆಚ್ಚಗಿನ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಸಲ ಮುಕ್ಕಳಿಸಿದ್ದು, ಮತ್ತೆ ಮೇಣ, ಇವೆರಡೇ ನನಗೆ ಆಗಿಬಂದವು.

ಮೇಣವನ್ನು ಕ್ಲಿನಿಕ್ಕಿನಲ್ಲೇ ಪುಟ್ಟ ಡಬ್ಬಿಯಲ್ಲಿ ಕೊಡುತ್ತಾರೆ. ನನ್ನದು ಮೊದಮೊದಲು ಹತ್ತು ನಿಮಿಷಕ್ಕೇ ಉದುರುತ್ತಿತ್ತು, ಒದ್ದೆ ಬ್ರಾಕೆಟ್ಟಿನ ಮೇಲೆ ಒತ್ತುತ್ತಿದ್ದೆ. ಈಗ ತುಟಿ ಎತ್ತಿ ಹಿಡಿದು ಆ ಜಾಗವನ್ನು ಹತ್ತಿಯಿಂದ ಪೂರ್ತಿ ಒರೆಸುತ್ತೇನೆ. ಹೆಸರುಕಾಳಿನಷ್ಟು ಮೇಣ ಬೆರಳಲ್ಲಿ ಉರುಟಿ ಬೆಚ್ಚಗೆ ಮಾಡಿ ಒತ್ತಿ ಕೂರಿಸುತ್ತೇನೆ. ಮೂರು ಪೀರಿಯಡ್ ನಿಲ್ಲುತ್ತದೆ. ಊಟಕ್ಕೆ ಮುಂಚೆ ತೆಗೆದು, ಆಮೇಲೆ ಹೊಸದು. ಅಕಸ್ಮಾತ್ ಒಂದಿಷ್ಟು ಹೊಟ್ಟೆಗೆ ಹೋದರೂ ಹೆದರಬೇಕಿಲ್ಲ.

ನಾಲ್ಕನೇ ತಿಂಗಳ ಒಂದು ರಾತ್ರಿ ಬಲಗೆನ್ನೆಯ ಹಿಂದೆ ವೈರಿನ ತುದಿ ಚುಚ್ಚಿ ಎಚ್ಚರವಾಯಿತು. ಸೊಟ್ಟ ಹಲ್ಲುಗಳು ನೆಟ್ಟಗಾದಂತೆ ವೈರು ಜಾರಿ ಹಿಂದಕ್ಕೆ ಹೊರಬರುತ್ತದೆ. ಹಲ್ಲು ಸರಿಯುತ್ತಿದೆ ಎನ್ನುವುದಕ್ಕೆ ಅದೂ ಗುರುತು. ಆದರೆ ಆ ಹೊತ್ತಿಗೆ ಕರೆಂಟಿಲ್ಲ, ಹೊರಗೆ ಹುಚ್ಚು ಮಳೆ. ಇವರು ಉಗುರು ಕತ್ತರಿಸುವ ಕಟರ್ ತಂದರು. ನಾನು ಬೇಡ ಅಂದೆ. ಅಷ್ಟು ಹಿಂದೆ, ಟಾರ್ಚ್ ಬೆಳಕಲ್ಲಿ, ಕತ್ತರಿಸಿದ ತುಂಡು ಗಂಟಲಿಗೆ ಜಾರಿದರೆ ಏನು ಗತಿ? ತುದಿಗೆ ದೊಡ್ಡ ಮೇಣದುಂಡೆ ಒತ್ತಿ, ಎಡಮಗ್ಗುಲಾಗಿ ಮಲಗಿದೆ. ಬೆಳಿಗ್ಗೆ ಗುಡ್ಡದ ಮೇಲೆ ಸಿಗ್ನಲ್ ಸಿಗುವ ಜಾಗಕ್ಕೆ ಹೋಗಿ ಫೋಟೋ ಕಳಿಸಿದೆ. ಮಾರನೇ ದಿನ ಕ್ಲಿನಿಕ್ಕಿನಲ್ಲಿ ಅರ್ಧ ನಿಮಿಷದಲ್ಲಿ ಕತ್ತರಿಸಿದರು. ಬ್ರಾಕೆಟ್ಟಿಗೆ ಸುತ್ತಿದ ಸಣ್ಣ ಕಟ್ಟು ತಂತಿ ಎದ್ದರೆ ಬೇರೆ ಮಾತು, ಅದನ್ನು ಇಯರ್‌ಬಡ್‌ನಿಂದ ನಿಧಾನಕ್ಕೆ ಒಳಗೆ ಒತ್ತಿಕೊಂಡಿದ್ದೇನೆ.

ಈಗ ಹದಿನಾರನೇ ತಿಂಗಳು. ಮೇಲಿನ ಮತ್ತು ಕೆಳಗಿನ ಹಲ್ಲಿಗೆ ನಾನೇ ಸಿಕ್ಕಿಸಿಕೊಳ್ಳುವ ರಬ್ಬರ್ ಬ್ಯಾಂಡ್ ಕೊಟ್ಟಿದ್ದಾರೆ, ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಇಡೀ ದಿನ. ಮೊದಲ ಮೂರು ದಿನ ದವಡೆ ನೋಯಿತು. ರಾತ್ರಿ ನಿದ್ದೆಗಾಗಿ ಎರಡು ಸಲ ಬಿಚ್ಚಿಟ್ಟೆ. ಮರುದಿನ ಹಾಕಿದಾಗ ನೋವು ಮೊದಲಿನಿಂದ ಶುರು. ಬಿಚ್ಚದೇ ಮಲಗಿದ ಮೇಲೆ ಐದನೇ ದಿನಕ್ಕೆ ಬ್ಯಾಂಡ್ ಇರುವುದೇ ಮರೆತುಹೋಯಿತು. ಒಂದು ಪೊಟ್ಟಣ ಸ್ಟಾಫ್ ರೂಮಿನ ಡ್ರಾಯರಿನಲ್ಲಿದೆ, ಇನ್ನೊಂದು ಛತ್ರಿ ಇಡುವ ಚೀಲದಲ್ಲಿ.