ಕೆಮ್ಮುತ್ತಿದ್ದ ಗಡಿಯಾರ

“ಇದಕ್ಕೂ ನೆಗಡಿಯಾಗಿದೆಯೇನೋ?” ಎಂದು ಅಮ್ಮ ಕೇಳಿದ್ದು ಗಡಿಯಾರದ ಬಗ್ಗೆ.

ನಮ್ಮ ನಡುಮನೆಯ ಗೋಡೆ ಗಡಿಯಾರ ಅಜ್ಜ ಕೊಂಡದ್ದು. ಜಪಾನಿನ ಸೈಕೋಶಾ ಕಾರ್ಖಾನೆಯ ಮಾಲು. 1892ರಲ್ಲಿ ಟೋಕಿಯೋದಲ್ಲಿ ಶುರುವಾದ ಈ ಕಾರ್ಖಾನೆ ಮೊದಮೊದಲು ಮಾಡಿದ್ದೇ ಗೋಡೆ ಗಡಿಯಾರಗಳನ್ನು. ಈಗ ಸೀಕೋ ಎಂದು ನಾವು ಕರೆಯುವುದು ಅದೇ ವಂಶವನ್ನು. ಎಂಟು ದಿನಕ್ಕೊಮ್ಮೆ ಕೀ ಕೊಡಬೇಕಾದ ಗಡಿಯಾರ. ಬಲಗಡೆಯ ರಂಧ್ರ ಸಮಯಕ್ಕೆ, ಎಡಗಡೆಯದು ಗಂಟೆಗೆ. ಐದು ವರ್ಷಗಳ ಹಿಂದೆ ಒಂದು ಸ್ಪ್ರಿಂಗ್ ತುಂಡಾಯಿತೆಂದು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದೆವು. ಸಮಯ ಸರಿಯಾಗಿಯೇ ತೋರಿಸುತ್ತ ಹಿಂದಿರುಗಿತು. ಆದರೆ ಗಂಟೆ ಹೊಡೆಯುವಾಗ ಮೊದಲಿದ್ದ ‘ಢಣ್‌ಣ್‌ಣ್’ ಹೋಗಿ ಒಣ ‘ಠಕ್’ ಉಳಿದಿತ್ತು. ಹನ್ನೆರಡು ಗಂಟೆಗೆ ಹನ್ನೆರಡು ಕೆಮ್ಮು.

ಇಂಥ ಗಡಿಯಾರ ದಿನಕ್ಕೆ ಎಷ್ಟು ಸಲ ಹೊಡೆಯುತ್ತದೆಂದು ಲೆಕ್ಕ ಹಾಕಿ ನೋಡಿ. ಒಂದರಿಂದ ಹನ್ನೆರಡರವರೆಗೆ ಕೂಡಿಸಿದರೆ 78, ಹಗಲು ರಾತ್ರಿ ಸೇರಿ 156, ಅರ್ಧ ಗಂಟೆಗೊಂದರಂತೆ ಇನ್ನೂ 24. ಒಟ್ಟು 180. ಒಂದು ಸಲ ಕೀ ಕೊಟ್ಟರೆ ಎಂಟು ದಿನಕ್ಕೆ 1440 ಏಟು. ಅಷ್ಟು ಕೆಮ್ಮನ್ನು ಕೇಳಿಕೊಂಡು ಐದು ವರ್ಷ ಕಳೆದಿದ್ದೇ ಆಶ್ಚರ್ಯ. ನಿವೃತ್ತನಾದ ಮೇಲೆ ಹಗಲೆಲ್ಲ ಮನೆಯಲ್ಲೇ ಇರತೊಡಗಿದಾಗ ನನಗೆ ತಡೆಯದಾಯಿತು.

ನಾನು ಗಡಿಯಾರ ರಿಪೇರಿಯವನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಹಾಗಾಗಿ ಮೊದಲು ಸಿಕ್ಕಿದ ತಪ್ಪು ದಾರಿಯನ್ನೇ ಹಿಡಿದೆ. ಗಂಟೆಯ ದನಿ ಕೆಟ್ಟಿದೆ ಎಂದರೆ ಗಂಟೆಯೇ ಕೆಟ್ಟಿರಬೇಕು ಅಂದುಕೊಂಡೆ. ಈ ಗಡಿಯಾರಗಳಲ್ಲಿ ಬಡಿಸಿಕೊಳ್ಳುವುದು ಬಟ್ಟಲಿನಂಥ ಗಂಟೆಯಲ್ಲ, ಸೊಳ್ಳೆಬತ್ತಿಯ ಹಾಗೆ ಸುತ್ತಿದ ಉಕ್ಕಿನ ತಂತಿ. ಅದನ್ನು ಗಾಂಗ್ ಎನ್ನುತ್ತಾರೆ. ನಮ್ಮದರಲ್ಲಿ ಸುರುಳಿಯ ಒಳತುದಿ ಒಂದು ಗಿಡ್ಡ ಎರಕದ ಕಬ್ಬಿಣದ ಕಂಬಕ್ಕೆ ಹೊಕ್ಕು ಬಿಗಿಯಾಗಿದೆ; ಆ ಕಂಬದ ಅಗಲವಾದ ಪಾದವನ್ನು ಪೆಟ್ಟಿಗೆಯ ಹಿಂಬದಿಯ ಹಲಗೆಗೆ ತಿರುಪಿನಿಂದ ಕೂರಿಸಿದ್ದಾರೆ. ತಂತಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಮಲೆನಾಡಿನ ಮಳೆಗಾಲದಲ್ಲಿ ಏನಕ್ಕೆ ಹಿಡಿಯುವುದಿಲ್ಲ? ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅರ್ಧ ದಿನ ಉಜ್ಜಿದೆ. ತಂತಿ ಹೊಳೆಯಿತು, ಕೆಮ್ಮು ಹಾಗೆಯೇ ಇತ್ತು. ಉಜ್ಜುಕಾಗದ ಹಾಕದೆ ಉಳಿದದ್ದು ಪುಣ್ಯ. ತಂತಿಯ ಮೇಲಿರುವ ನೀಲಿ ಬಣ್ಣ ಬಳಿದದ್ದಲ್ಲ, ಉಕ್ಕನ್ನು ಸುಮಾರು 300 ಡಿಗ್ರಿಗೆ ಕಾಯಿಸಿ ಹದ ಮಾಡಿದಾಗ ಬರುವಂಥದ್ದು. ಕೆರೆದು ತೆಗೆದರೆ ಮತ್ತೆ ಬರುವುದಿಲ್ಲ. ತಂತಿಯನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ‘ಮತ್ತೆ ಹದ ಮಾಡುವ’ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಹದ ಇಳಿದ ಉಕ್ಕು ಮೊದಲಿನಂತೆ ಹಾಡುವುದಿಲ್ಲ.

ಗುಟ್ಟು ಬಿಟ್ಟುಕೊಟ್ಟದ್ದು ಊಟದ ಮೇಜು. ಲೋಲಕ ತೆಗೆದು, ಮುಳ್ಳು ಮತ್ತು ಮುಖದ ತಗಡು ಬಿಚ್ಚಿ, ಯಂತ್ರವನ್ನು ಇಡಿಯಾಗಿ ಹೊರಗೆ ತೆಗೆದಿದ್ದೆ. (ಯಂತ್ರದ ಎರಡು ಹಿತ್ತಾಳೆ ತಟ್ಟೆಗಳನ್ನು ಮಾತ್ರ ಬಿಚ್ಚಲಿಲ್ಲ. ಸುತ್ತಿಕೊಂಡ ಸ್ಪ್ರಿಂಗ್ ಒಳಗಿರುವಾಗ ತಟ್ಟೆ ಬಿಚ್ಚಿದರೆ ಬೆರಳಿಗೆ ಕುತ್ತು.) ಗಾಂಗನ್ನು ತಿರುಪು ಕಳಚಿ ಕೈಯಲ್ಲಿ ಹಿಡಿದು ಪೆನ್ಸಿಲಿನಿಂದ ತಟ್ಟಿದೆ. ಸೊಳ್ಳೆ ಗುಂಯ್‌ಗುಟ್ಟಿದಷ್ಟು ದನಿ. ಹಾಗೆಯೇ ತಟ್ಟುತ್ತ ಕಬ್ಬಿಣದ ಪಾದವನ್ನು ಮೇಜಿನ ಮೇಲೆ ಒತ್ತಿದೆ. ಇಡೀ ಮೇಜು ಮಾತಾಡಿತು! ಅಡುಗೆಮನೆಯಿಂದ ಅಮ್ಮ ಬಂದು ಇಣುಕಿದರು. ಎತ್ತಿದರೆ ಸೊಳ್ಳೆ, ಒತ್ತಿದರೆ ಗಂಟೆ. ಹತ್ತು ಸಲ ಮಾಡಿ ನೋಡಿದೆ, ಮಕ್ಕಳಾಟದ ಹಾಗೆ.

ತಂಬೂರಿಯ ತಂತಿಯನ್ನು ಬಿಚ್ಚಿ ಎರಡು ಕೈಯಲ್ಲಿ ಎಳೆದು ಹಿಡಿದು ಮೀಟಿದರೆ ಏನು ಕೇಳೀತು? ನಾದ ಬರುವುದು ಬುರುಡೆಯಿಂದ. ಇಲ್ಲಿ ಬುರುಡೆಯ ಕೆಲಸ ಮಾಡುವುದು ಆ ಹಿಂಬದಿಯ ಹಲಗೆ. ತೆಳ್ಳನೆಯ ತಂತಿ ತಾನೊಂದೇ ನಡುಗಿದರೆ ಗಾಳಿಯನ್ನು ಹೆಚ್ಚು ಅಲುಗಿಸಲಾರದು; ಅದರ ನಡುಕ ಕಂಬಕ್ಕಿಳಿದು, ಪಾದದಿಂದ ಮರಕ್ಕೆ ಹರಿದು, ಅಗಲವಾದ ಹಲಗೆ ನಡುಗಿದಾಗ ನಮ್ಮ ಕಿವಿಗೆ ಗಂಟೆ ಕೇಳುತ್ತದೆ. ದೇವಸ್ಥಾನದ ಜಾಗಟೆ ಇದಕ್ಕೆ ತದ್ವಿರುದ್ಧ. ಜಾಗಟೆ ಹಗ್ಗದಲ್ಲಿ ಸಡಿಲವಾಗಿ ತೂಗಬೇಕು, ಅಗಲವಾದ್ದರಿಂದ ತನ್ನ ದನಿಗೆ ತಾನೇ ಸಾಕು. ಗಡಿಯಾರದ ಸುರುಳಿಗೆ ಬೇರಿನಲ್ಲಿ ಬಿಗಿ ಬೇಕು, ಉಳಿದ ಮೈಗೆ ಏನೂ ತಾಗಬಾರದು.

ಆಗ ಕಣ್ಣಿಗೆ ಬಿದ್ದದ್ದು, ಗಾಂಗಿನ ಪಾದ ಕೂರುವ ಜಾಗದಲ್ಲಿ ಹಲಗೆಗೆ ಅಂಟಿಕೊಂಡಿದ್ದ ಕಪ್ಪು ತುಂಡು. ಸೈಕಲ್ ಟ್ಯೂಬಿನ ರಬ್ಬರು. ಅಂಗಡಿಯವರನ್ನು ಬೈದುಕೊಂಡೆ. ಆಮೇಲೆ ಅದನ್ನು ಕಿತ್ತು ಹಲಗೆ ನೋಡಿದಾಗ ಅವರ ಕಷ್ಟವೂ ಅರ್ಥವಾಯಿತು. ತಿರುಪಿನ ರಂಧ್ರ ಸವೆದು ದೊಡ್ಡದಾಗಿ, ಗಾಂಗ್ ಅಲುಗಾಡುತ್ತಿದ್ದಿರಬೇಕು. ಅಲುಗಾಡದಿರಲೆಂದು ರಬ್ಬರು ಕೊಟ್ಟಿದ್ದಾರೆ. ಅಲುಗಾಟ ನಿಂತಿತು, ನಡುಕವೂ ಅಲ್ಲಿಗೇ ನಿಂತಿತು. ರಬ್ಬರು, ಫೆಲ್ಟು, ದಪ್ಪ ರಟ್ಟು, ಇವು ಯಾವುದೂ ಅಲ್ಲಿರಬಾರದು. ಕಬ್ಬಿಣ ನೇರವಾಗಿ ಮರದ ಮೇಲೆ ಕೂರಬೇಕು.

ರಂಧ್ರ ಮುಚ್ಚಲು ಹಳೆಯ ತೇಗದ ರೀಪಿನಿಂದ ಕಡ್ಡಿಯೊಂದನ್ನು ಸೀಳಿ, ಮೊನೆ ಮಾಡಿ, ಮರದ ಅಂಟು ಸವರಿ ಬಡಿದೆ. ಒಂದು ದಿನ ಒಣಗಲು ಬಿಟ್ಟು, ಉಬ್ಬಿದ್ದನ್ನು ಉಳಿಯಿಂದ ಸವರಿ, ಸಣ್ಣ ಡ್ರಿಲ್ ಬಿಟ್ಟು ಅದೇ ಹಳೆಯ ತಿರುಪನ್ನು ಹಾಕಿದೆ. ಗಟ್ಟಿಯಾಗಿ ಹಿಡಿಯಿತು. ದನಿ ಬಂತು, ಆದರೆ ಅರ್ಧ. ಜತೆಗೆ ಒಂದು ಸಣ್ಣ ‘ಝರ್ರ್’.

ಬ್ಯಾಂಕಿನಿಂದ ನನ್ನೊಂದಿಗೆ ಬಂದ ಆಸ್ತಿಯೆಂದರೆ ಒಂದು ಕಟ್ಟು ಕಾರ್ಬನ್ ಕಾಗದ. ಮೂವತ್ತು ವರ್ಷದಿಂದ ಬೀರುವಿನಲ್ಲಿತ್ತು, ಉಪಯೋಗಕ್ಕೆ ಬಂದದ್ದು ಅಂದು. ಒಂದು ಹಾಳೆಯನ್ನು ಮಸಿಯ ಮಗ್ಗುಲು ಮರದ ಕಡೆಗೆ ಬರುವಂತೆ ಪಾದದಡಿ ಇಟ್ಟು, ಗಾಂಗನ್ನು ಒತ್ತಿ ಸ್ವಲ್ಪ ಅತ್ತಿತ್ತ ತಿರುಗಿಸಿ ತೆಗೆದೆ. ಹಲಗೆಯ ಮೇಲೆ ದುಂಡನೆಯ ಗುರುತು ಬೀಳಬೇಕಿತ್ತು; ಬಿದ್ದದ್ದು ಎರಡು ಕಪ್ಪು ಚುಕ್ಕೆ ಮತ್ತು ಉಗುರಿನಷ್ಟು ಒಂದು ಗೆರೆ. ಹಲಗೆ ಡೊಂಕಾಗಿತ್ತು, ಪಾದ ಮೂರೇ ಕಡೆ ಕೂತಿತ್ತು. ಕಪ್ಪಾದ ಕಡೆ ಮಾತ್ರ ಉಳಿಯ ಅಲಗಿನಿಂದ ತೆಳ್ಳಗೆ ಕೆರೆಯುವುದು, ಮತ್ತೆ ಕಾರ್ಬನ್ ಇಡುವುದು, ಮತ್ತೆ ಕೆರೆಯುವುದು. ಆರನೆಯ ಸಲಕ್ಕೆ ಗುರುತು ಮುಕ್ಕಾಲು ಪಾಲು ದುಂಡಗಾಯಿತು. ಇಷ್ಟು ಸಾಕೆಂದು ತಿರುಪು ಬಿಗಿದು ತಟ್ಟಿದೆ. ಐದು ವರ್ಷದ ಮೇಲೆ ಕೇಳಿದ ಆ ದನಿಗೆ ಮೈ ಜುಮ್ಮೆಂದಿತು ಎಂದು ಬರೆದರೆ ಉತ್ಪ್ರೇಕ್ಷೆಯಲ್ಲ.

‘ಝರ್ರ್’ ಮಾತ್ರ ಹೋಗಿರಲಿಲ್ಲ. ಹುಡುಕಲು ಒಂದು ಸುಲಭ ಉಪಾಯವಿದೆ: ಗಾಂಗ್ ತಟ್ಟಿ, ಅದು ಅನುರಣಿಸುತ್ತಿರುವಾಗ ಒಂದೊಂದೇ ಜಾಗವನ್ನು ಬೆರಳಿನಿಂದ ಒತ್ತುತ್ತ ಹೋಗುವುದು, ಎಲ್ಲಿ ಒತ್ತಿದಾಗ ‘ಝರ್ರ್’ ನಿಲ್ಲುತ್ತದೋ ಅಲ್ಲಿ ಕಳ್ಳ. ಗಾಜಿನ ಬಾಗಿಲಲ್ಲ, ಮುಖದ ತಗಡಲ್ಲ. ತಂತಿ ಕಂಬಕ್ಕೆ ಹೊಗುವಲ್ಲಿದ್ದ ಸಣ್ಣ ಗೂಟ ಸಡಿಲವಾಗಿತ್ತು. ಕಂಬದಡಿ ಮರದ ತುಂಡು ಕೊಟ್ಟು, ಗೂಟವನ್ನು ಎರಡು ಸಲ ಮೆಲ್ಲಗೆ ಬಡಿದೆ. ಎರಕದ ಕಬ್ಬಿಣ ಜೋರು ಏಟಿಗೆ ಬಿರುಕು ಬಿಡುತ್ತದೆ, ಅಲ್ಲಿ ಶೌರ್ಯ ತೋರಿಸಬಾರದು. ಸುರುಳಿಯ ಎರಡು ಸುತ್ತುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರವಿದ್ದವು. ಅವನ್ನು ಇಕ್ಕಳದಿಂದ ಎಳೆಯದೆ, ನಡುವೆ ಮರದ ಬೆಣೆ ತೂರಿಸಿ ಕೈಯಿಂದಲೇ ಒಂದಿಷ್ಟು ಅಗಲಿಸಿದೆ. ತಂತಿ ಕಂಬದಿಂದ ಹೊರಡುವ ಬುಡದ ಬಳಿ ಮಾತ್ರ ಬಗ್ಗಿಸಬಾರದು. ತುಂಡಾದರೆ ಅಲ್ಲಿಗೇ ಕತೆ ಮುಗಿಯಿತು.

ಇನ್ನು ಸುತ್ತಿಗೆ. ಅದರ ತಲೆಯಲ್ಲಿ ಚರ್ಮದ ಒಂದು ತುಂಡು ಕೂರಿಸಿರುತ್ತಾರೆ. ನಮ್ಮದು ವಯಸ್ಸಿಗೂ ಎಣ್ಣೆಗೂ ಕಲ್ಲಾಗಿತ್ತು, ನಡುವೆ ತಂತಿಯ ಗೀರು ಬಿದ್ದಿತ್ತು. ಹೀಗಾದಾಗ ದನಿಯ ಮೊದಲಿಗೇ ಲೋಹಕ್ಕೆ ಲೋಹ ಬಡಿದ ಕಿಟಾರನೆ ಸದ್ದು. ಸೂಜಿಯಿಂದ ಚುಚ್ಚಿ ಮೆದು ಮಾಡಿದೆ. ಒಂದು ವಾರ ಚೆನ್ನಾಗಿತ್ತು, ಮತ್ತೆ ಗಟ್ಟಿಯಾಯಿತು. ಬದಲಿಗೆ ಕನ್ನಡಕ ಒರೆಸುವ ಮೆತ್ತನೆಯ ಚರ್ಮ ಹಾಕಿದೆ. ದಿಂಬಿಗೆ ಗುದ್ದಿದಂತಾಯಿತು. ಚಪ್ಪಲಿ ಅಟ್ಟೆಯ ಚರ್ಮ ಹಾಕಿದೆ, ಹಳೆಯದಕ್ಕಿಂತ ಒರಟು. ಕೊನೆಗೆ ಸರಿಹೋದದ್ದು ನನ್ನದೇ ಹಳೆಯ ಬೆಲ್ಟು, ಒರಟು ಮಗ್ಗುಲು ಹೊರಗೆ ಬರುವಂತೆ. ಮೃದಂಗದ ಕರಣೆಯ ವಿಷಯದಲ್ಲಿ ವಿದ್ವಾಂಸರು ಯಾಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಎಂದು ಆ ದಿನ ತಿಳಿಯಿತು.

ಸುತ್ತಿಗೆ ವಿಶ್ರಾಂತಿಯಲ್ಲಿರುವಾಗ ಸುರುಳಿಯಿಂದ ಎರಡು ಮೂರು ಮಿಲಿಮೀಟರ್ ದೂರ ನಿಲ್ಲಬೇಕು. ಹೊಡೆಯುವಾಗ ತನ್ನ ವೇಗಕ್ಕೇ ಮುಂದೆ ಹೋಗಿ ತಾಗಿ, ತಕ್ಷಣ ಹಿಂದೆ ಸರಿಯಬೇಕು. ತಾಗಿ ಅಲ್ಲೇ ನಿಂತರೆ ಜಾಗಟೆ ಬಾರಿಸಿ ಕೈಯಿಟ್ಟಂತೆ. ಈ ದೂರ ಹೊಂದಿಸುವುದು ಸುತ್ತಿಗೆಯ ಕಡ್ಡಿಯನ್ನು ಬಗ್ಗಿಸಿ. ಆಗ ಎರಡು ಇಕ್ಕಳ ಹಿಡಿಯಬೇಕು. ಒಂದು ಬುಡವನ್ನು ಅಲುಗದಂತೆ ಹಿಡಿಯಲು, ಇನ್ನೊಂದು ಬಗ್ಗಿಸಲು. ಇಲ್ಲದಿದ್ದರೆ ಬಗ್ಗುವುದು ಕಡ್ಡಿಯಲ್ಲ, ಯಂತ್ರದೊಳಗಿನ ಸೂಕ್ಷ್ಮ ಅಚ್ಚು. ಏಟು ಸುರುಳಿಯ ಯಾವ ಜಾಗಕ್ಕೆ ಬೀಳಬೇಕೆಂಬುದಕ್ಕೆ ನನ್ನ ಬಳಿ ಸೂತ್ರವಿಲ್ಲ. ತಿರುಪು ಸಡಿಲಿಸಿ ಗಾಂಗನ್ನು ಒಂದೊಂದು ಕಾಳಿನಷ್ಟು ತಿರುಗಿಸುತ್ತ, ಕಣ್ಣು ಮುಚ್ಚಿ ಕೇಳಿ, ದನಿ ಹೆಚ್ಚು ಹೊತ್ತು ನಿಂತ ಕಡೆ ಬಿಗಿದೆ.

ಸುದ್ದಿ ಹಬ್ಬಿ ಭಾವನ ಮನೆಯ ಜರ್ಮನ್ ಗಡಿಯಾರವೂ ಬಂತು. ಅದರಲ್ಲಿ ಸುರುಳಿಯ ಬದಲು ನೇರವಾದ ಸರಳುಗಳು ತೂಗುತ್ತವೆ. ಪ್ರತಿ ಸರಳೂ ಕಬ್ಬಿಣದ ದಿಂಡನ್ನು ಸೇರುವಲ್ಲಿ ಕುತ್ತಿಗೆಯಂತೆ ಸಪೂರ. ನಡುಗುವುದೂ ಅಲ್ಲಿಯೇ, ಮುರಿಯುವುದೂ ಅಲ್ಲಿಯೇ. ಕಾರಿನಲ್ಲಿ ತರುವಾಗ ಸರಳುಗಳ ನಡುವೆ ಬಟ್ಟೆ ತುರುಕದಿದ್ದರಿಂದ ಒಂದು ಮುರಿದೇ ಬಂದಿತ್ತು. ಉಳಿದ ಒಂದರ ಸುತ್ತಿಗೆ ಒರಗಿ ನಿಂತಿತ್ತು, ಐದು ನಿಮಿಷದ ಕೆಲಸ. ಮುರಿದದ್ದು ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ನಮ್ಮ ಗಡಿಯಾರವನ್ನು ಎಂದಿನ ಕಲ್ಲುಗೋಡೆಯ ಮೊಳೆಗೆ ತೂಗಿಹಾಕಿದಾಗ ದನಿ ಮೇಜಿನ ಮೇಲಿದ್ದಷ್ಟು ತುಂಬಿ ಬರಲಿಲ್ಲ. ನಡುಮನೆಗೂ ಅಮ್ಮನ ಕೋಣೆಗೂ ನಡುವೆ ಮರದ ಅಡ್ಡಗೋಡೆಯಿದೆ. ಅದಕ್ಕೆ ಹಾಕಿ, ಪೆಟ್ಟಿಗೆಯ ಬೆನ್ನು ಪೂರ್ತಿ ತಾಗುವಂತೆ ಕೆಳಗೆ ಎರಡು ತಿರುಪು ಕೊಟ್ಟೆ. ಈಗ ಅಡ್ಡಗೋಡೆಯೂ ಸೇರಿ ಹಾಡಿತು, ಹಿತ್ತಿಲಿನ ಬಾವಿಕಟ್ಟೆಯವರೆಗೆ ಕೇಳುತ್ತಿತ್ತು.

ಹನ್ನೆರಡೂವರೆಗೆ ಒಂದು, ಒಂದಕ್ಕೆ ಒಂದು, ಒಂದೂವರೆಗೆ ಮತ್ತೊಂದು. ಮರುದಿನ ಬೆಳಿಗ್ಗೆ ಅಮ್ಮ ಕಾಫಿಯ ಲೋಟ ಕೊಡುತ್ತ ಹೇಳಿದರು, “ಮೂರು ಸಲ ಎಚ್ಚರವಾಯಿತು, ಮೂರು ಸಲವೂ ಎಷ್ಟು ಗಂಟೆಯೆಂದು ತಿಳಿಯಲಿಲ್ಲ. ಅದನ್ನು ಮೊದಲಿದ್ದಲ್ಲಿಗೇ ಹಾಕು.”

ಹಾಕಿದೆ.