ಆಟಿಯ ಮಳೆಗೂ ಬಿಡದ ಟೇಪು: ಮೊಣಗಂಟಿನ ಬಾವು ಇಳಿಸಿದ ನನ್ನ ಅನುಭವ

"ಇದೆಂತ ಉಜ್ಜುವುದು, ಬೆಕ್ಕಿನ ಮರಿಗೆ ಕೈ ಸವರಿದ ಹಾಗೆ!" ಫಿಸಿಯೋಥೆರಪಿಗೆ ನನ್ನಲ್ಲಿಗೆ ಬಂದ ಪೆರ್ಲದ ಕಡೆಯ ಒಬ್ಬ ಅಮ್ಮ ಮೊದಲ ದಿನ ಹೇಳಿದ್ದು ಇಷ್ಟೇ. ಅವರು ಮಂಗಳೂರಿನಲ್ಲಿ ಮೊಣಗಂಟು ಬದಲಿಸುವ ಆಪರೇಷನ್ ಮಾಡಿಸಿಕೊಂಡು ಬಂದು ನಾಲ್ಕು ವಾರ ಕಳೆದಿತ್ತು. ಕಾಲು 70 ಡಿಗ್ರಿಗಿಂತ ಹೆಚ್ಚು ಮಡಚುತ್ತಿರಲಿಲ್ಲ. ಗಂಟಿನಿಂದ ಹತ್ತು ಸೆಂಟಿಮೀಟರ್ ಮೇಲೆ ಅಳೆದರೆ ಇನ್ನೊಂದು ಕಾಲಿಗಿಂತ ಹತ್ತಿರಹತ್ತಿರ ನಾಲ್ಕು ಸೆಂಟಿಮೀಟರ್ ದಪ್ಪ. ಉಳಿಚ್ಚಿಲ್‌ನವರನ್ನು (ಎಣ್ಣೆ ಹಾಕಿ ತಿಕ್ಕುವ ಕೇರಳದ ಮಾಲೀಸಿನವರನ್ನು) ಕರೆಸುವುದೆಂದು ಮನೆಯಲ್ಲಿ ಮಾತಾಗಿತ್ತು. ಹಗುರ ಕೈಯಲ್ಲೂ ಕಿನೀಸಿಯಾಲಜಿ ಟೇಪಿನಲ್ಲೂ (ಚರ್ಮಕ್ಕೆ ಅಂಟಿಸುವ, ಎಳೆದರೆ ಹಿಗ್ಗುವ ಬಟ್ಟೆಯ ಪಟ್ಟಿ) ಬಾವು ಇಳಿಸಲು ಮೂರು ವಾರ ಕೊಡಿ ಎಂದು ಕೇಳಿಕೊಂಡೆ. ಮೂರನೇ ವಾರದ ಕೊನೆಗೆ 105 ಡಿಗ್ರಿ, ದಪ್ಪದ ವ್ಯತ್ಯಾಸ ಒಂದೂವರೆ ಸೆಂಟಿಮೀಟರ್. ಈಗ ಅವರೇ ನೆರೆಕರೆಯವರನ್ನು ನನ್ನಲ್ಲಿಗೆ ಕಳಿಸುತ್ತಾರೆ.

ಬದಿಯಡ್ಕದಲ್ಲಿ ಫಿಸಿಯೋಥೆರಪಿ ಕೋಣೆ ತೆರೆದ ಮೊದಲ ಎರಡು ವರ್ಷ ಈ ಟೇಪಿನಿಂದ ನನಗೆ ಸಿಕ್ಕಿದ್ದು ನಷ್ಟ ಮಾತ್ರ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಟಗಾರರ ಭುಜದ ಮೇಲೆ ಕಂಡದ್ದರಿಂದ ಎಲ್ಲರಿಗೂ ಅದು ಆಟದವರ ಪಟ್ಟಿ. "ಈ ಸ್ಟಿಕ್ಕರಿಗೆ ಯಾಕೆ ದುಡ್ಡು ತೆಗೆದುಕೊಳ್ಳುತ್ತೀರಿ?" ಎಂದು ಒಬ್ಬ ವೈದ್ಯರು ರೋಗಿಯ ಎದುರೇ ಕೇಳಿದ್ದರು. ಒಳ್ಳೆಯ ಐದು ಮೀಟರ್ ರೋಲು ಆಗ ಸುಮಾರು 900 ರೂಪಾಯಿ. ಅಗ್ಗದ್ದು 250ಕ್ಕೆ ಸಿಗುತ್ತದೆಂದು ಒಟ್ಟಿಗೆ ಆರು ರೋಲು ತರಿಸಿದೆ. ಜೂನ್ ತಿಂಗಳ ನಮ್ಮ ಗಾಳಿಗೆ ಅದರ ಅಂಟು ಬೆಲ್ಲದ ಪಾಕದಂತಾಯಿತು. ನಾಲ್ಕು ರೋಲು ಎಸೆದೆ.

ಒಳ್ಳೆಯ ಟೇಪೂ ನಿಲ್ಲಲಿಲ್ಲ. ನಮ್ಮಲ್ಲಿ ಆಪರೇಷನ್ ಆದ ಕಾಲಿಗೆ ತೆಂಗಿನೆಣ್ಣೆ ಹಚ್ಚದ ಮನೆ ಇಲ್ಲ. ಮೇಲಿಂದ ಒರೆಸಿ ಹಚ್ಚಿದರೆ ಕುಂಬಳೆಯ ಬಸ್ಸು ಹತ್ತುವುದರೊಳಗೆ ತುದಿ ಏಳುತ್ತದೆ. ಈಗ ಹಿಂದಿನ ರಾತ್ರಿಯಿಂದಲೇ ಎಣ್ಣೆ ಬೇಡ ಎಂದು ಬರೆದುಕೊಡುತ್ತೇನೆ. ಸೋಪಿನಲ್ಲಿ ತೊಳೆದು, ಒಣಗಿಸಿ, ಫ್ಯಾನಿನ ಕೆಳಗೆ ಹತ್ತು ನಿಮಿಷ ಕೂರಿಸುತ್ತೇನೆ. ಆಮೇಲೆ ಚರ್ಮಕ್ಕೆ ಒಂದು ಒರೆಸು ಒರೆಸುತ್ತೇನೆ. ಅದು ಯಾವುದರದ್ದೆಂದು ಇಲ್ಲಿ ಹೇಳುವುದಿಲ್ಲ, ಮೂರು ಮಳೆಗಾಲ ಕಳೆದು ಸಿಕ್ಕಿದ್ದು. ಅದು ಸಿಕ್ಕ ಮೇಲೆ ಆಟಿಯಲ್ಲೂ (ಜೋರು ಮಳೆಯ ತುಳು ತಿಂಗಳು) ಟೇಪು ನಾಲ್ಕು ದಿನ ನಿಲ್ಲುತ್ತದೆ. ತೆಗೆಯುವಾಗ ಮಾತ್ರ ಅದೇ ತೆಂಗಿನೆಣ್ಣೆ ಬೇಕು. ಒಬ್ಬರು ಮನೆಯಲ್ಲಿ ಒಣಗಿದ್ದನ್ನೇ ಎಳೆದು, ಚರ್ಮದ ಸಿಪ್ಪೆಯೂ ಅದರ ಜೊತೆ ಬಂದು, ಎರಡು ವಾರ ನಾನು ಅವರ ಮುಖ ನೋಡಲಾರದೆ ಇದ್ದೆ.

ಅದಕ್ಕಿಂತ ದೊಡ್ಡ ತಪ್ಪು ಎಳೆತದಲ್ಲಾಯಿತು. ಕಾಗದದ ಮೇಲಿರುವಾಗಲೇ ಟೇಪು ಹತ್ತು ಶೇಕಡಾದಷ್ಟು ಹಿಗ್ಗಿಕೊಂಡಿರುತ್ತದೆ. ಬಾವು ಇಳಿಸಲು ಅಷ್ಟೇ ಸಾಕು. ಹೆಚ್ಚು ಎಳೆದರೆ ಹೆಚ್ಚು ಗುಣ ಎಂದುಕೊಂಡು ಮೇ ತಿಂಗಳ ಸೆಕೆಯಲ್ಲಿ ಅರ್ಧಕ್ಕರ್ಧ ಎಳೆದು ಅಂಟಿಸಿದೆ. ಎರಡೂ ತುದಿಯಲ್ಲಿ ಬೊಕ್ಕೆ ಎದ್ದಿತು. ಔಷಧಿಯ ಖರ್ಚು ನಾನೇ ಕೊಟ್ಟೆ. ಈಗ ಟೇಪನ್ನು ಒಂದು ತುದಿ ಬಿಟ್ಟು ಉದ್ದಕ್ಕೆ ಬೀಸಣಿಗೆಯಂತೆ ಸೀಳುತ್ತೇನೆ: ಸೀಳದ ತುದಿ ಬುಡ, ಸೀಳಿದ ಎಳೆಗಳು ಬಾಲ. ಬಾಲಗಳನ್ನು ಎಳೆಯುವುದೇ ಇಲ್ಲ. ಗಂಟು ಮಡಚಿಸಿ ಸುಮ್ಮನೆ ಮಲಗಿಸುತ್ತೇನೆ, ಕಾಲು ನೆಟ್ಟಗಾದಾಗ ತಾನೇ ಸುಕ್ಕು ಏಳುತ್ತದೆ. ಬುಡ ಬಾವಿನಿಂದ ಮೇಲೆ, ತೊಡೆಸಂದಿಯ ದಿಕ್ಕಿಗೆ. ಐದು ಬಾಲ ಕೆಳಗೆ. ಇಂಥ ಎರಡು ಬೀಸಣಿಗೆ, ಒಂದರ ಮೇಲೊಂದು ಅಡ್ಡಡ್ಡ.

ಆದರೆ ಟೇಪೊಂದರಿಂದಲೇ ಬಾವು ಇಳಿದದ್ದನ್ನು ನಾನು ನೋಡಿಲ್ಲ. ಒಮ್ಮೆ ಕೈಕೆಲಸ ಬಿಟ್ಟು ಟೇಪು ಮಾತ್ರ ಹಾಕಿ ವಾರ ಕಾದೆ, ಅಳತೆ ಹಂದಲಿಲ್ಲ. ಕೆಲಸ ಮಾಡುವುದು ಕೈ, ಅದೂ ಬಾವಿನ ನೀರು ಹರಿದುಹೋಗುವ ದಾರಿಯ ಮೇಲಿನ ತುದಿಯಿಂದ. ಕೊರಳೆಲುಬಿನ ಮೇಲಿನ ಗುಳಿ, ಹೊಟ್ಟೆಯ ಉಸಿರು, ತೊಡೆಸಂದಿ, ತೊಡೆ, ಗಂಟಿನ ಹಿಂದೆ, ಕೊನೆಗೆ ಕಣಕಾಲು. ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ಅರ್ಥವಾಗುತ್ತದೆ: ಮುಂದಿನ ಕಣಿ ಬಿಡಿಸದೆ ಹಿಂದಿನ ನೀರು ಎಲ್ಲಿಗೆ ಹೋಗಬೇಕು? ಚರ್ಮ ಮಾತ್ರ ಜಾರಬೇಕು, ಕೆಂಪಾದರೆ ಒತ್ತಡ ಹೆಚ್ಚಾಯಿತೆಂದೇ. ಇಪ್ಪತ್ತೈದು ನಿಮಿಷ. ಆಮೇಲೆ ಪಾದ ಆಡಿಸುವುದು, ಕಾಲು ಎತ್ತರದಲ್ಲಿ ಇಡುವುದು. ಇದಕ್ಕೆ ಅಡಿಕೆ ಹಾಳೆಯ ದೋಣಿ ಮಾಡಿ ನೋಡಿದೆ. ತಂಪೇನೋ ಹೌದು, ಆದರೆ ಅಂಚು ಮೀನಖಂಡಕ್ಕೆ ಒತ್ತಿ ಗೆರೆ ಬಿತ್ತು. ದಿಂಬೇ ಸರಿ.

ಕೈಯೇ ಇಡದೆ ಕಳಿಸಿದ್ದೂ ಇದೆ. ಆಪರೇಷನ್ ಆಗಿ ಎರಡು ವಾರದ ಒಬ್ಬರು, ಮೀನಖಂಡ ಮಾತ್ರ ಬಿಗಿದು ಬಿಸಿಯಾಗಿತ್ತು, ಮುಟ್ಟಿದರೆ ನೋವು. ಅದೇ ದಿನ ಡಾಪ್ಲರ್ (ರಕ್ತನಾಳದ ಸ್ಕ್ಯಾನ್) ಮಾಡಿಸಲು ಹೇಳಿದೆ. ಕೂಲಿ ಬಿಟ್ಟು ಬಂದದ್ದು ದಂಡ ಎಂದು ಮನೆಯವರು ಗೊಣಗಿದರು. ಸಂಜೆ ಫೋನು ಬಂತು: ರಕ್ತ ಹೆಪ್ಪುಗಟ್ಟಿತ್ತು. ಅಂದು ಉಜ್ಜಿದ್ದರೆ ಎಂದು ನೆನೆದು ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಗಾಯದ ಕಲೆಯ ಕೆಲಸ ಬೇರೆ. ಹೊಲಿಗೆ ತೆಗೆದು, ಹಕ್ಕಳೆ ಉದುರಿ, ಬಾಯಿ ಪೂರ್ತಿ ಮುಚ್ಚುವವರೆಗೆ ಮುಟ್ಟುವುದಿಲ್ಲ. ಆಮೇಲೆ ದಿನಕ್ಕೆರಡು ಸಲ, ಐದೈದು ನಿಮಿಷ ಬೆರಳಿನಿಂದ ಉಜ್ಜುವುದು. ಇಲ್ಲಿ ಎಣ್ಣೆಯೇ ಶತ್ರು, ಬೆರಳು ಜಾರಿದರೆ ಒಳಗೆ ಅಂಟಿದ್ದು ಸಡಿಲವಾಗುವುದಿಲ್ಲ. ಸಿಸೇರಿಯನ್ ಆದ ಒಬ್ಬರ ಕಲೆಯ ಅರ್ಧಕ್ಕೆ ತೆಂಗಿನೆಣ್ಣೆ, ಅರ್ಧಕ್ಕೆ ಪುನರ್ಪುಳಿ ತುಪ್ಪ (ಕೋಕಂ ಬೀಜದ ಗಟ್ಟಿ ಕೊಬ್ಬು) ಹಚ್ಚಿಸಿ ಎರಡು ತಿಂಗಳು ನೋಡಿದೆ. ಬಣ್ಣದಲ್ಲಿ ವ್ಯತ್ಯಾಸ ಕಾಣಲಿಲ್ಲ, ತುಪ್ಪದ ಕಡೆ ಬೆರಳು ನಿಲ್ಲುತ್ತಿತ್ತು. ಅಂದಿನಿಂದ ನನ್ನ ಮೇಜಿನ ಮೇಲೆ ತುಪ್ಪವೇ. ಕಲೆ ತಗ್ಗಿಸಲು ಅಂಟಿಸುವ ಸಿಲಿಕೋನ್ ಹಾಳೆಗೆ ಸಾವಿರದ ಮೇಲೆ, ನಮ್ಮ ಬೆವರಿಗೆ ಅದರ ಅಡಿಯಲ್ಲಿ ಗುಳ್ಳೆ ಏಳುತ್ತದೆ. ಬಡವರಿಗೆ ಕಾಗದದ ಮೈಕ್ರೊಪೋರ್ ಪಟ್ಟಿಯನ್ನೇ ಕಲೆಯುದ್ದಕ್ಕೂ ಮೂರು ತಿಂಗಳು ಹಾಕಿಸುತ್ತೇನೆ. ಒಂದು ಸುರುಳಿ ನೂರು ರೂಪಾಯಿಯೊಳಗೆ. ಅಂಟಿದ ಕಲೆಯನ್ನು ಬಿಡಿಸುವ ಒಂದು ಹಿಡಿತ ಇದೆ, ಅದನ್ನು ಬರೆದರೆ ತಪ್ಪು ಮಾಡಿಯಾರು. ಕೈ ಹಿಡಿದು ತೋರಿಸಬೇಕಾದ್ದು, ಬಂದರೆ ತೋರಿಸುತ್ತೇನೆ.

ಒಂದು ಸಲಕ್ಕೆ ಟೇಪು ಸೇರಿ 400 ತೆಗೆದುಕೊಳ್ಳುತ್ತೇನೆ, ಟೇಪಿನದ್ದೇ 150ರ ಹತ್ತಿರ ಹೋಗುತ್ತದೆ. ಸ್ಟಿಕ್ಕರ್ ಎಂದಿದ್ದ ವೈದ್ಯರು ಕಳೆದ ತಿಂಗಳು ತಮ್ಮ ಅತ್ತೆಯನ್ನೇ ಕಳಿಸಿದ್ದಾರೆ, ಚೀಟಿಯಲ್ಲಿ "ಟೇಪು ಸಹಿತ" ಎಂದು ಬರೆದು. ಅತ್ತೆಯ ಕಾಲು ನಿನ್ನೆಗೆ 95 ಡಿಗ್ರಿ.